ಎರಡು ಕೋಣೆಯ ಮನೆಯಲ್ಲಿ ಹವ್ಯಾಸಕ್ಕೊಂದು ಮೂಲೆ: ಅರ್ಧಕ್ಕೆ ನಿಂತ ಕೆಲಸಕ್ಕೆ ಮೊದಲು ಜಾಗ ಮಾಡಿ

ಹಳೆಯ ರೇಡಿಯೋ ಒಂದನ್ನು ಬಿಚ್ಚಿದ್ದೀರಿ ಅಂದುಕೊಳ್ಳಿ. ಹಿಂದಿನ ಮುಚ್ಚಳ ಒಂದು ಕಡೆ, ನಾಲ್ಕು ಸ್ಕ್ರೂ ಇನ್ನೊಂದು ಕಡೆ, ಸ್ಪೀಕರಿನ ಎರಡು ವೈರು ಬಿಡಿಸಿ ಇಟ್ಟಿದ್ದೀರಿ. ಅಷ್ಟರಲ್ಲಿ ಊಟದ ಹೊತ್ತಾಯಿತು. ಅದೇ ಜಾಗದಲ್ಲಿ ತಾಟು ಇಡಬೇಕು. ಎಲ್ಲವನ್ನೂ ಬಾಚಿ ಒಂದು ಕ್ಯಾರಿಬ್ಯಾಗಿಗೆ ತುಂಬುತ್ತೀರಿ. ಅದು ಮಂಚದ ಕೆಳಗೆ ಹೋಗುತ್ತದೆ. ಆಮೇಲೆ ಆರು ತಿಂಗಳು ಅದನ್ನು ಯಾರೂ ಮುಟ್ಟುವುದಿಲ್ಲ, ಅಲ್ವಾ?

ನಮ್ಮ ಮನೆಯಲ್ಲಿ ಇದು ವರ್ಷಗಟ್ಟಲೆ ನಡೆಯಿತು. ನಾವಿರುವುದು ಧಾರವಾಡದ ಮಾಳಮಡ್ಡಿಯಲ್ಲಿ, ಬಾಡಿಗೆ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಸಣ್ಣ ಪಡಸಾಲೆ. ಅವ್ವ, ಹೆಂಡತಿ, ಮಗಳು, ನಾನು. ನನಗೆ ಹಳೆಯ ರೇಡಿಯೋ ರಿಪೇರಿಯ ಹುಚ್ಚು, ಜೊತೆಗೆ ಸಣ್ಣಪುಟ್ಟ ಕಟ್ಟಿಗೆ ಕೆಲಸ. ಒಂದು ಒಳ್ಳೆ ಟೇಬಲ್ ಬಂದುಬಿಟ್ಟರೆ ಎಲ್ಲ ಸರಿ ಹೋಗುತ್ತದೆ ಅಂತ ನಾನೂ ತಿಳಿದಿದ್ದೆ. ಟೇಬಲ್ ಬಂತು. ಎರಡೇ ವಾರದಲ್ಲಿ ಅದರ ಮೇಲೆ ಮೂರು ಅರ್ಧಂಬರ್ಧ ಕೆಲಸ ಹರಡಿಕೊಂಡು ನಾಲ್ಕನೆಯದಕ್ಕೆ ಜಾಗವೇ ಉಳಿಯಲಿಲ್ಲ. ಮಗಳು ಹೋಮ್‌ವರ್ಕಿಗೆ ಕೂರಬೇಕೆಂದರೆ ಮತ್ತೆ ಎಲ್ಲ ಬಾಚಬೇಕು, ಮತ್ತೆ ಕ್ಯಾರಿಬ್ಯಾಗ್.

ಆಗ ತಿಳಿಯಿತು. ಸಣ್ಣ ಮನೆಯಲ್ಲಿ ಕೆಲಸ ಮಾಡಲು ಜಾಗ ಹೇಗೋ ಸಿಗುತ್ತದೆ. ಅರ್ಧಕ್ಕೆ ನಿಂತ ಕೆಲಸವನ್ನು ಇದ್ದ ಹಾಗೇ ಎತ್ತಿಡಲು ಜಾಗ ಇರುವುದಿಲ್ಲ. ಅದನ್ನೊಂದು ಸರಿ ಮಾಡಿಕೊಂಡರೆ ಉಳಿದದ್ದು ತಾನಾಗಿ ಕೂಡಿ ಬರುತ್ತದೆ. ಕೆಳಗೆ ಬರೆದಿರುವ ಎಲ್ಲವೂ ಈ ಒಂದು ಮಾತಿನ ಸುತ್ತಲೇ ಇದೆ. ನಿಮ್ಮದು ರೇಡಿಯೋ ಆಗಿರಲಿ, ಹೊಲಿಗೆ ಆಗಿರಲಿ, ಗೊಂಬೆ ಮಾಡುವುದಾಗಿರಲಿ.

ಮೊದಲು ನೆಲಕ್ಕೆ ಪೇಪರ್ ಹಾಸಿ

ಅಂಗಡಿಗೆ ಹೋಗುವ ಮೊದಲು ಹಳೆಯ ದಿನಪತ್ರಿಕೆ ತಗೊಳ್ಳಿ. ನಿಮಗೆ ಬೇಕಾದ ಟೇಬಲಿನ ಅಳತೆಗೆ ಸರಿಯಾಗಿ ನೆಲದ ಮೇಲೆ ಹಾಸಿ, ಅಂಚಿಗೆ ಟೇಪ್ ಹಚ್ಚಿ. 4 ಅಡಿ ಉದ್ದ, 2 ಅಡಿ ಅಗಲ ಸಿಕ್ಕರೆ ಬಹಳ ಆಯಿತು. 3 ಅಡಿಗೆ ಒಂದೂವರೆ ಅಡಿ ಸಿಕ್ಕರೂ ಕೆಲಸ ನಡೆಯುತ್ತದೆ, ನಾನು ಮೊದಲ ವರ್ಷ ಅಷ್ಟರಲ್ಲೇ ಮಾಡಿದೆ. ಕುರ್ಚಿ ಎಳೆದು ಕೂರಲು ಅದರ ಹಿಂದೆ ಎರಡೂವರೆ ಅಡಿಯಾದರೂ ಬೇಕು. ಅಷ್ಟಕ್ಕೂ ಪೇಪರ್ ಹಾಸಿ.

ಆ ಪೇಪರನ್ನು ಮೂರು ದಿನ ಹಾಗೇ ಬಿಡಿ. ಮನೆಯವರಿಗೆಲ್ಲ ಹೇಳಿ, ಇದರ ಮೇಲೆ ಕಾಲಿಡಬೇಡಿ, ಇಲ್ಲಿ ಟೇಬಲ್ ಇದೆ ಅಂತ ತಿಳಿಯಿರಿ ಅಂತ. ನಮ್ಮಲ್ಲಿ ಮೊದಲ ದಿನವೇ ಕಪಾಟಿನ ಬಾಗಿಲು ಪೇಪರಿನ ಮೇಲೆ ಬಂತು. ಎರಡನೇ ರಾತ್ರಿ ಅವ್ವ ಬಚ್ಚಲಿಗೆ ಹೋಗುವ ದಾರಿಯೇ ಅದು ಅಂತ ಗೊತ್ತಾಯಿತು. ಕತ್ತಲೆಯಲ್ಲಿ ವಯಸ್ಸಾದವರು ಟೇಬಲಿನ ಮೂಲೆಗೆ ಹಾಯ್ದರೆ ಏನು ಗತಿ? ಪೇಪರನ್ನು ಕಿಟಕಿ ಕಡೆ ಒಂದೂವರೆ ಅಡಿ ಸರಿಸಿದೆ, ಎರಡೂ ತೊಂದರೆ ಹೋದವು. ಟೇಬಲ್ ತಂದ ಮೇಲೆ ಸರಿಸುವುದಕ್ಕಿಂತ ಪೇಪರ್ ಸರಿಸುವುದು ಎಷ್ಟೋ ಸುಲಭ.

ಜಾಗ ಆರಿಸುವಾಗ ನಮ್ಮ ಕಡೆಯ ಎರಡು ಮಾತು ನೆನಪಿರಲಿ. ಧಾರವಾಡದಲ್ಲಿ ಮಳೆ ಜಾಸ್ತಿ ಬರುವುದು ನೈರುತ್ಯದಿಂದ, ಗಾಳಿಯ ಜೊತೆ. ಪಶ್ಚಿಮಕ್ಕೆ ಅಥವಾ ನೈರುತ್ಯಕ್ಕೆ ತೆರೆದ ಬಾಲ್ಕನಿಯಲ್ಲಿ ಟೇಬಲ್ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಎರಚಲಿಗೆ ನೆನೆಯುತ್ತದೆ. ಹುಬ್ಬಳ್ಳಿಯವರಿಗೆ ಮಳೆಗಿಂತ ಧೂಳಿನ ಚಿಂತೆ. ರಸ್ತೆ ಕಡೆಯ ಕಿಟಕಿ ಬೆಳಕಿಗೆ ಚೆಂದ ಕಾಣುತ್ತದೆ, ಆದರೆ ಸಂಜೆಗೆ ಬೆರಳಿಟ್ಟು ನೋಡಿ, ಟೇಬಲಿನ ಮೇಲೆ ಹೆಸರು ಬರೆಯಬಹುದು. ಒಳಗಿನ ಅಂಗಳದ ಕಡೆ ಅಥವಾ ಹಿತ್ತಲ ಕಡೆ ಕಿಟಕಿ ಇದ್ದರೆ ಅದೇ ಮೇಲು. ಹೆಂಚಿನ ಮನೆಯಾದರೆ ಮೇಲಿನಿಂದ ಮಣ್ಣು ಉದುರುತ್ತದೆ, ಟೇಬಲಿನ ಮೇಲೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಜಂತಿಗೆ ಕಟ್ಟಿ. ತಗಡಿನ ಟೆರೇಸ್ ಕೋಣೆ ಖಾಲಿ ಇದೆ ಅಂತ ಆಸೆ ಪಡಬೇಡಿ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಅಲ್ಲಿ ಅರ್ಧ ಗಂಟೆ ಕೂತು ನೋಡಿ ಆಮೇಲೆ ಹೇಳಿ. ಬೆಸುಗೆ ಕೆಲಸ ಇದ್ದರೆ ಅಡುಗೆಮನೆ ಬೇಡವೇ ಬೇಡ. ಅದರ ಕಾರಣ ಮುಂದೆ ಬರುತ್ತದೆ.

ಟೇಬಲ್

ಪ್ಲೈವುಡ್ ಹಾಳೆ ಬರುವುದು 8 ಅಡಿಗೆ 4 ಅಡಿ. ಅದರಲ್ಲಿ 4 ಅಡಿಗೆ 2 ಅಡಿಯ ಹಲಗೆ ನಾಲ್ಕು ಬರುತ್ತವೆ. ನಿಮಗೆ ಬೇಕಾದದ್ದು ಒಂದೇ. ಮೊದಲ ಸಲ ನಾನು ಪೂರ್ತಿ ಹಾಳೆಯ ರೇಟು ಕೇಳುತ್ತಾ ನಿಂತಾಗ ಅಲ್ಲೇ ಕೆಲಸ ಮಾಡುತ್ತಿದ್ದ ಹಿರಿಯ ಬಡಿಗೇರರೊಬ್ಬರು, "ಪೂರ್ತಿ ಶೀಟ್ ಯಾಕ್ರಿ ಸರ? ಒಳಗ ತುಂಡು ಬಿದ್ದಾವ, ಬರ್ರಿ ನೋಡೋಣು" ಅಂತ ಕರೆದುಕೊಂಡು ಹೋಗಿ ತೋರಿಸಿದರು. ಕಪಾಟು, ಕಾಟು ಮಾಡುವಲ್ಲಿ ಉಳಿದ ತುಂಡುಗಳು. ದಪ್ಪ 18 ಎಂಎಂ ಇರಲಿ. 12 ಎಂಎಂ ತಂದರೆ ನಡುವೆ ಬಾಗುತ್ತದೆ, ಕ್ಲ್ಯಾಂಪ್ ಬಿಗಿದು ಏನಾದರೂ ಕೊಯ್ಯುವಾಗ ಕುಣಿಯುತ್ತದೆ. ಹಲಗೆಯ ಮೇಲಿನ ಮುದ್ರೆ ಓದಿ. ಐಎಸ್ 303 ಇದ್ದು ಬಿಡಬ್ಲ್ಯುಆರ್ ಅಂತ ಇದ್ದರೆ ತೇವ ಸ್ವಲ್ಪ ತಡೆಯುತ್ತದೆ, ಮನೆಯೊಳಗೆ ಅದು ಸಾಕು. ಐಎಸ್ 710 ಮರೀನ್ ಪ್ಲೈ, ಎರಚಲು ಬರುವ ಜಾಗಕ್ಕೆ ಮಾತ್ರ ಅಷ್ಟು ಖರ್ಚು ಮಾಡಿ.

ಕಾಲಿಗೆ ಏನು ಮಾಡುವುದು? ನನ್ನ ಉತ್ತರ ಹಳೆಯ ಹೊಲಿಗೆ ಮಷೀನಿನ ಸ್ಟ್ಯಾಂಡ್. ಬೀಡು ಕಬ್ಬಿಣದ್ದು, ಕೆಳಗೆ ತುಳಿಯುವ ಪಟ್ಟಿ ಇರುವಂಥದ್ದು. ಮಷೀನು ಕೆಟ್ಟ ಮೇಲೆ ಇವು ಗುಜರಿಗೆ ಬರುತ್ತವೆ, ಇಲ್ಲವೇ ಸಂಬಂಧಿಕರ ಅಟ್ಟದ ಮೇಲೆ ಇರುತ್ತವೆ. ಅದರ ತೂಕವೇ ಅದರ ಗುಣ. ಸಣ್ಣ ವೈಸ್ ಬಿಗಿದು ಅರ ಉಜ್ಜಿದರೂ ಅಲುಗುವುದಿಲ್ಲ. ಕೂತು ಕೆಲಸ ಮಾಡುವ ಎತ್ತರಕ್ಕೂ ಹೊಂದುತ್ತದೆ, ಕೂತು ಮಾಡುವ ಕೆಲಸಕ್ಕೆ 28ರಿಂದ 30 ಇಂಚು ಸರಿ. ನಿಂತು ಕೊಯ್ಯುವ, ಉಜ್ಜುವ ಕೆಲಸಕ್ಕೆ 36 ಇಂಚಿನ ಹತ್ತಿರ ಬೇಕು. ಇದಕ್ಕಿಂತ ಒಳ್ಳೆಯ ಅಳತೆ ನಿಮ್ಮ ಮೊಣಕೈ. ಭುಜ ಸಡಿಲ ಬಿಟ್ಟು ಕೂತಾಗ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿಗೆ, ಇಲ್ಲವೇ ಒಂದು ಇಂಚು ಕೆಳಗೆ ಹಲಗೆ ಬಂದರೆ ಕುತ್ತಿಗೆ ಹಿಡಿಯುವುದಿಲ್ಲ.

ಇನ್ನು ಗೋಡೆಗೆ ಮಡಚುವ ಟೇಬಲ್. ವಿಡಿಯೋದಲ್ಲಿ ನೋಡಿದಾಗ ಇದಕ್ಕಿಂತ ಸರಳ ಯಾವುದೂ ಇಲ್ಲ ಅನ್ನಿಸುತ್ತದೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ ನಿಜಕ್ಕೂ ಸರಳವೇ. 8 ಎಂಎಂ ಬಿಟ್ಟಿನಿಂದ ತೂತು ಕೊರೆದು, 8 ಎಂಎಂ ಪ್ಲಗ್ ಹೊಡೆದು, 2 ಇಂಚಿನ ಸ್ಕ್ರೂನಿಂದ ಮಡಚುವ ಬ್ರಾಕೆಟ್ ಬಿಗಿದರೆ ಮುಗಿಯಿತು. ಆದರೆ ಮಾಳಮಡ್ಡಿ, ಹಳೇ ಹುಬ್ಬಳ್ಳಿ, ಗದಗ-ಬೆಟಗೇರಿಯ ಹಳೆಯ ಮನೆಗಳ ಗೋಡೆಗಳೇ ಬೇರೆ. ಎಷ್ಟೋ ಮನೆಗಳಲ್ಲಿ ಒಳಗೆ ಮಣ್ಣು, ಕಲ್ಲು. ಮೇಲೆ ಮಾತ್ರ ಗಿಲಾಯಿ. ನಮ್ಮ ಗೋಡೆಗೆ ಡ್ರಿಲ್ ಹಚ್ಚಿದಾಗ ಮೊದಲ ಅರ್ಧ ಇಂಚು ಬಿಗಿಯಾಗಿತ್ತು, ಆಮೇಲೆ ಬಿಟ್ ಬೆಣ್ಣೆಯಲ್ಲಿ ಹೋದ ಹಾಗೆ ಒಳಗೆ ಹೋಯಿತು. ತೂತಿನಿಂದ ಉದುರಿದ್ದು ಕೆಂಪು ಮಣ್ಣು. ಪ್ಲಗ್ ಅಲ್ಲೇ ತಿರುಗುತ್ತಿತ್ತು. ಅಂಥ ಗೋಡೆಯಲ್ಲಿ ಭಾರ ತೂಗಿಸಲೇಬೇಡಿ. ಪರೀಕ್ಷೆಗೆ ಮೂಲೆಯಲ್ಲಿ, ಕಾಣದ ಕಡೆ, ಒಂದು ಸಣ್ಣ ತೂತು ಸಾಕು. ಬಿಟ್ಟಿನ ತುದಿಯಲ್ಲಿ ಬರುವ ಪುಡಿ ಎಲ್ಲವನ್ನೂ ಹೇಳುತ್ತದೆ. ಬಾಡಿಗೆ ಮನೆಯಾದರೆ ಆ ತೂತಿಗೂ ಮಾಲೀಕರನ್ನು ಮೊದಲು ಕೇಳಿ.

ಇನ್ನೊಂದು ಸಣ್ಣ ವಿಷಯ. ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲು ಜಾಸ್ತಿ, ಹಳೆಯದಾದ ಮೇಲೆ ಕಲ್ಲು ಮೇಲೆ ಕೆಳಗೆ ಆಗಿರುತ್ತವೆ. ಟೇಬಲ್ ಅಲುಗಿದರೆ ರಟ್ಟು ಮಡಚಿ ಇಡಬೇಡಿ, ಒಂದು ಸಲ ಒರೆಸುವ ನೀರು ತಾಗಿದರೆ ಕುಗ್ಗುತ್ತದೆ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಪದರ ಪದರವಾಗಿ ಇಡಿ.

ಈಗ ಮುಖ್ಯ ವಿಷಯ: ಟ್ರೇ

ಟೇಬಲಿಗಿಂತ ಜಾಸ್ತಿ ವಿಚಾರ ಇದಕ್ಕೆ ಮಾಡಿ. ಒಂದು ಕೆಲಸಕ್ಕೆ ಒಂದು ಟ್ರೇ. ಎಲ್ಲ ಟ್ರೇಗಳೂ ಒಂದೇ ಅಳತೆ. ನನ್ನವು 16 ಇಂಚಿಗೆ 12 ಇಂಚು. ತಳಕ್ಕೆ 6 ಎಂಎಂ ಪ್ಲೈ, ನಾಲ್ಕು ಅಂಚಿಗೂ ಒಂದು ಇಂಚು ಎತ್ತರದ ಕಟ್ಟಿಗೆ ಪಟ್ಟಿ. ಫೆವಿಕಾಲ್ ಹಚ್ಚಿ ಸಣ್ಣ ಮೊಳೆ ಹೊಡೆದರೆ ಒಂದು ಮಧ್ಯಾಹ್ನಕ್ಕೆ ನಾಲ್ಕು ಆಗುತ್ತವೆ. ಅಂಚು ಬೇಕೇ ಬೇಕು, ಅದಿಲ್ಲದಿದ್ದರೆ ಎತ್ತುವಾಗ ಸ್ಕ್ರೂ ಉರುಳಿ ಕಲ್ಲಿನ ಸಂದಿಗೆ ಬೀಳುತ್ತವೆ. ಮಾಡಲು ಪುರಸೊತ್ತು ಇಲ್ಲದಿದ್ದರೆ ಬೇಕರಿಯವರು ಬಳಸುವ ಅಲ್ಯೂಮಿನಿಯಂ ಟ್ರೇ ತಗೊಳ್ಳಿ. ಆದರೆ ಅದರ ತಳಕ್ಕೆ ರಬ್ಬರ್ ಹಾಳೆ ಅಥವಾ ದಪ್ಪ ರಟ್ಟು ಹಾಕಲೇಬೇಕು, ಲೋಹದ ಮೇಲೆ ಸರ್ಕಿಟ್ ಇಟ್ಟು ಸೆಲ್ ಹಾಕಿದರೆ ಶಾರ್ಟ್ ಆಗುತ್ತದೆ.

ಈ ಟ್ರೇಗಳು ಕೂರಲು ಒಂದು ರ‍್ಯಾಕ್. ತೂತು ತೂತಿನ ಕಬ್ಬಿಣದ ಆಂಗಲ್ ರ‍್ಯಾಕ್ ಬರುತ್ತದಲ್ಲ, ಕಿರಾಣಿ ಅಂಗಡಿಯಲ್ಲಿ ಇರುವಂಥದ್ದು, ಅದು ಗೋಡೆಗೆ ತೂತು ಕೇಳುವುದಿಲ್ಲ, ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು. ಅಗಲ ತಳದ್ದು ತಗೊಳ್ಳಿ, ಭಾರದ್ದೆಲ್ಲ ಕೆಳಗಿನ ತಟ್ಟಿಗೆ. ಒಂದು ತಟ್ಟಿಗೂ ಇನ್ನೊಂದಕ್ಕೂ ನಡುವೆ 5 ಇಂಚು ಬಿಟ್ಟರೆ ಸಣ್ಣ ರೇಡಿಯೋ ಮಲಗಿಸಿ ಒಳಗೆ ತಳ್ಳಬಹುದು. ಒಂದು ತಟ್ಟು ಮಾತ್ರ ಅಡಿಯಷ್ಟು ಎತ್ತರ ಬಿಡಿ, ದೊಡ್ಡ ರೇಡಿಯೋ ಸೆಟ್‌ಗೆ.

ಟ್ರೇ ಒಳಗೆ ಒಂದು ಚೀಟಿ ಇರಬೇಕು. ಇದನ್ನು ಯಾರೂ ಹೇಳುವುದಿಲ್ಲ, ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಏಳುವ ಮೊದಲು ಎರಡೇ ಸಾಲು ಬರೆಯಿರಿ: ಎಲ್ಲಿ ನಿಲ್ಲಿಸಿದೆ, ಮುಂದೆ ಏನು. "ಸ್ಪೀಕರ್ ಸರಿ ಇದೆ. ವಾಲ್ಯೂಮ್ ಕಂಟ್ರೋಲ್ ಕೊರಕೊರ ಅನ್ನುತ್ತದೆ, ಬದಲಿಸಬೇಕು." ಅಷ್ಟೇ. ಹದಿನೈದು ದಿನ ಬಿಟ್ಟು ಬಂದರೂ ಕೈ ನೇರ ಕೆಲಸಕ್ಕೆ ಹೋಗುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಒಂದು ಪಟ್ಟಿ ಟೇಪಿಗೆ ಅಂಟಿಸಿ ಟ್ರೇಯ ಅಂಚಿಗೆ ಹಚ್ಚಿ. ಮುಂದೆ ಕೂಡಿಸುವಾಗ ಕೊನೆಗೆ ಅಂಟಿಸಿದ್ದರಿಂದ ಶುರು ಮಾಡಿ ಒಂದೊಂದಾಗಿ ಟೇಪಿನಿಂದ ಬಿಡಿಸಿಕೊಳ್ಳುತ್ತಾ ಹೋಗುವುದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ, ವೈರಿನ ಬಣ್ಣ ಕಾಣುವ ಹಾಗೆ.

ಬೆಟಗೇರಿಯಲ್ಲಿರುವ ನಮ್ಮ ಅಕ್ಕ ಕಸೂತಿ ಹಾಕುತ್ತಾಳೆ. ಅವಳಿಗೂ ಇದೇ ತೊಂದರೆ ಇತ್ತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ ಎಲ್ಲ ಏಳಬೇಕು. ಗವಂತಿ, ಮುರಗಿ ಅನ್ನುವ ಹೊಲಿಗೆ ಹಾಕುವಾಗ ಎರಡೂ ಕಡೆ ಒಂದೇ ತರಹ ಕಾಣಬೇಕು, ಗಂಟು ಹಾಕುವ ಹಾಗಿಲ್ಲ. ನಡುವೆ ಎದ್ದು ಹೋಗಿ ಬಂದರೆ ಎಣಿಕೆ ತಪ್ಪುತ್ತದೆ. ಅವಳಿಗೂ ನಾನು ಒಂದು ಟ್ರೇ ಮಾಡಿ ಕೊಟ್ಟೆ, ತಳಕ್ಕೆ ಬಿಳಿ ಬಟ್ಟೆ ಅಂಟಿಸಿ. ಚೀಟಿಯಲ್ಲಿ ಅವಳು ಎಳೆಯ ಎಣಿಕೆ ಬರೆದಿಡುತ್ತಾಳೆ. "ಈಗ ಬಾಗಿಲಾಗ ಯಾರರ ಬಂದ್ರೂ ಸಿಟ್ಟು ಬರಂಗಿಲ್ಲ ನೋಡೋ" ಅಂದಳು. ಅವಳ ಟ್ರೇ ಬಗ್ಗೆ ಒಂದೇ ಎಚ್ಚರಿಕೆ: ಬಟ್ಟೆ ಕೆಲಸವೂ ಬೆಸುಗೆ, ಎಣ್ಣೆ ಕೆಲಸವೂ ಒಂದೇ ಮನೆಯಲ್ಲಿದ್ದರೆ ಟ್ರೇಗಳಿಗೆ ಬೇರೆ ಬೇರೆ ಬಣ್ಣ ಬಳಿಯಿರಿ, ಬಟ್ಟೆಯದು ಯಾವಾಗಲೂ ರ‍್ಯಾಕಿನ ಮೇಲಿನ ತಟ್ಟಿಗೆ.

ಕರೆಂಟು

ಇಲ್ಲಿ ಅವಸರ ಬೇಡ. ಮನೆಯ ಸಾಮಾನ್ಯ ಸಾಕೆಟ್ 6 ಆಂಪಿಯರಿನದು. 230 ವೋಲ್ಟ್‌ಗೆ ಅದು ಹೊರುವುದು ಹೆಚ್ಚೆಂದರೆ 1,380 ವ್ಯಾಟ್. ಬೆಸುಗೆ ಕಡ್ಡಿ 25 ವ್ಯಾಟ್, ಡ್ರಿಲ್ ಐದುನೂರು ಆರುನೂರು, ಇವಕ್ಕೆಲ್ಲ ತೊಂದರೆ ಇಲ್ಲ. ಬಿಸಿ ಗಾಳಿಯ ಗನ್ ಕೆಲವು 2,000 ವ್ಯಾಟ್ ತನಕ ಎಳೆಯುತ್ತವೆ, ಅವನ್ನು 16 ಆಂಪಿಯರಿನ ದೊಡ್ಡ ಸಾಕೆಟ್ಟಿಗೇ ಹಚ್ಚಿ. ಪ್ಲಗ್ ಎರಡು ಪಿನ್ನಿನ ಸಾಕೆಟ್ಟಿಗೆ ಹೋಗುವುದಿಲ್ಲ ಅಂತ ಮೂರನೇ ಪಿನ್ ಕಿತ್ತು ಹಾಕುವವರನ್ನು ನೋಡಿದ್ದೇನೆ. ಆ ಪಿನ್ ಅರ್ಥಿಂಗ್, ಅದನ್ನು ಕಿತ್ತರೆ ನಿಮ್ಮ ಮತ್ತು ಸಾವಿನ ನಡುವೆ ಏನೂ ಉಳಿಯುವುದಿಲ್ಲ.

ಟೇಬಲಿಗೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್ ಇರಲಿ, ಅದಕ್ಕೊಂದು ಮುಖ್ಯ ಸ್ವಿಚ್ಚು, ಕೆಂಪು ದೀಪ. ಎಲ್ಲವೂ ಅದರಿಂದಲೇ. ಏಳುವಾಗ ಕೆಂಪು ದೀಪ ಆರಿದೆಯಾ ಅಂತ ನೋಡಿದರೆ ಸಾಕು, ಬೆಸುಗೆ ಕಡ್ಡಿ ಬಿಸಿಯಾಗೇ ಉಳಿಯಿತಾ ಅಂತ ರಾತ್ರಿ ಎದ್ದು ಬರಬೇಕಿಲ್ಲ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು, ಇದೆಯಾ ನೋಡಿ. ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ, ತಕ್ಷಣ ಬೀಳಬೇಕು. ಇಲ್ಲದಿದ್ದರೆ, ಅರ್ಥಿಂಗ್ ಬಗ್ಗೆಯೂ ಅನುಮಾನ ಇದ್ದರೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಹಳೆಯ ಮನೆಯಲ್ಲಿ ಇದಕ್ಕೆ ಮಾಡುವ ಖರ್ಚು ಟೇಬಲಿನ ಖರ್ಚಿಗಿಂತ ಮೊದಲು ಬರಬೇಕು.

ಹಳೆಯ ಸೆಟ್ ರಿಪೇರಿ ಮಾಡುವವರು ಸೀರೀಸ್ ಬೋರ್ಡ್ ಒಂದನ್ನು ಮಾಡಿಕೊಳ್ಳಿ. ಹಳೆಯ ರೇಡಿಯೋ ಮೇಕ್ಯಾನಿಕ್‌ಗಳ ಅಂಗಡಿಯಲ್ಲಿ ಗೋಡೆಗೆ ಒಂದು ಬಲ್ಬು, ಪಕ್ಕಕ್ಕೆ ಒಂದು ಸಾಕೆಟ್ ಇರುತ್ತಿತ್ತಲ್ಲ, ಅದೇ. ಫೇಸ್ ವೈರು ಮೊದಲು ಬಲ್ಬಿಗೆ ಹೋಗಿ, ಅಲ್ಲಿಂದ ಸಾಕೆಟ್ಟಿಗೆ ಬರುತ್ತದೆ. ಒಳಗೆ ಶಾರ್ಟ್ ಆಗಿರುವ ಸೆಟ್ ಹಚ್ಚಿದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ ಸುಡುವುದಿಲ್ಲ. ಸೆಟ್ ಸರಿ ಇದ್ದರೆ ಒಂದು ಸಲ ಮಿಂಚಿ ಮಂದವಾಗುತ್ತದೆ. ಅದಕ್ಕೆ ತಂತಿಯ ಹಳೆಯ ಬಲ್ಬೇ ಬೇಕು, 60 ಅಥವಾ 100 ವ್ಯಾಟಿನದು. ಎಲ್‌ಇಡಿ ನಡೆಯುವುದಿಲ್ಲ. ಇದು ಸೆಟ್ಟನ್ನು ಕಾಯುತ್ತದೆ, ನಿಮ್ಮನ್ನಲ್ಲ. ಸೀರೀಸ್ ಬೋರ್ಡಿನಲ್ಲಿದ್ದರೂ ಶಾಕ್ ಶಾಕೇ. ಕೆಲವು ಹಳೆಯ ವಾಲ್ವ್ ಸೆಟ್‌ಗಳ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಲೈನ್ ಬಂದಿರುತ್ತದೆ. ಸ್ವಿಚ್ ಆರಿಸಿದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಇನ್ನೂರಕ್ಕೂ ಜಾಸ್ತಿ ವೋಲ್ಟ್ ಉಳಿದಿರಬಹುದು. ಈಗಷ್ಟೇ ಶುರು ಮಾಡುವವರು ವಾಲ್ವ್ ಸೆಟ್ ಬಿಟ್ಟು, ಸೆಲ್ ಹಾಕುವ ಟ್ರಾನ್ಸಿಸ್ಟರಿನಿಂದ ಶುರು ಮಾಡಿ.

ಬೆಳಕು, ಹೊಗೆ, ಕಟ್ಟಿಗೆ ಪುಡಿ

ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು, ಎಡಗೈಯವರಿಗೆ ಬಲದಿಂದ. ಕೋಣೆಯ ಟ್ಯೂಬ್‌ಲೈಟ್ ಬೆನ್ನ ಹಿಂದೆ ಇದ್ದರೆ ನಿಮ್ಮ ತಲೆಯ ನೆರಳೇ ಕೆಲಸದ ಮೇಲೆ ಬೀಳುತ್ತದೆ. ರ‍್ಯಾಕಿನ ಮೇಲಿನ ಆಂಗಲ್ಲಿಗೆ ಒಂದು ಎಲ್‌ಇಡಿ ಪಟ್ಟಿ ಕಟ್ಟಿ, ಟೇಬಲಿಗೆ ಒಂದು ಬಾಗುವ ದೀಪ ಇಡಿ.

ರೇಡಿಯೋದವರಿಗೆ ಇದರಲ್ಲಿ ಇನ್ನೊಂದು ಕಿರಿಕಿರಿ ಇದೆ. ನಾನು ಮೊದಲ ಸೆಟ್ ಸರಿ ಮಾಡಿ ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್‌ಗೆ ಮುಳ್ಳು ತಂದೆ. ಅದು ಧಾರವಾಡ ಆಕಾಶವಾಣಿಯ ಜಾಗ. 1950ರ ಜನವರಿ 8ರಂದು ಶುರುವಾದ ನಿಲಯ, ನಮ್ಮ ಅಜ್ಜನ ಮನೆಯಲ್ಲಿ ಬೆಳಗು ಆಗುತ್ತಿದ್ದದ್ದೇ ಅದರಿಂದ. ಬಂದದ್ದು ಬರೀ ಜಿರ್ ಅನ್ನುವ ಸದ್ದು. ಎರಡು ದಿನ ಕಾಯಿಲ್, ಗ್ಯಾಂಗ್ ಅಂತ ನಿಲಯ ಹಿಡಿಯುವ ಭಾಗಗಳಲ್ಲೇ ತಪ್ಪು ಹುಡುಕಾಡಿದೆ. ಮೂರನೇ ದಿನ ಕರೆಂಟ್ ಹೋಯಿತು, ಸೆಟ್ ಸೆಲ್ಲಿನ ಮೇಲೆ ಇತ್ತು, ದೀಪ ಆರಿದ್ದೇ ತಡ ಒಳಗಿಂದ ಸ್ವಚ್ಛವಾಗಿ ಮಾತು ಕೇಳಿತು. ಅವ್ವ ಅಡುಗೆಮನೆಯಿಂದ, "ಧಾರವಾಡ ಬಂತೇನೋ?" ಅಂತ ಕೂಗಿದಳು. ತಪ್ಪು ಸೆಟ್ಟಿನದಲ್ಲ, ಟೇಬಲಿನ ಅಗ್ಗದ ಎಲ್‌ಇಡಿ ಬಲ್ಬಿನದು. ಅದರೊಳಗಿನ ಡ್ರೈವರ್ ಸರ್ಕಿಟ್ ಮೀಡಿಯಂ ವೇವ್ ತುಂಬ ಸದ್ದು ಮಾಡುತ್ತದೆ. ಕೆಲವು ಮೊಬೈಲ್ ಚಾರ್ಜರ್‌ಗಳೂ ಹಾಗೇ. ದೀಪ ಕೊಳ್ಳುವಾಗ ಸಣ್ಣ ಟ್ರಾನ್ಸಿಸ್ಟರ್ ಜೊತೆಗೆ ಒಯ್ದು, ಅಂಗಡಿಯಲ್ಲಿ ದೀಪ ಹಚ್ಚಿಸಿ ಪಕ್ಕಕ್ಕೆ ಹಿಡಿದು ಕೇಳಿ. ಅಂಗಡಿಯವರೂ ಕುತೂಹಲದಿಂದ ನಾಲ್ಕು ಬಲ್ಬು ಹಚ್ಚಿ ತೋರಿಸುತ್ತಾರೆ.

ಬೆಸುಗೆ ತಂತಿ 60/40 ಅಂದರೆ 60 ಪಾಲು ತವರ, 40 ಪಾಲು ಸೀಸ. ಅದು 190 ಡಿಗ್ರಿಯೊಳಗೇ ಪೂರ್ತಿ ಕರಗುತ್ತದೆ, ನಾವು ಕಡ್ಡಿಯ ತುದಿಯನ್ನು 320ರಿಂದ 350ಕ್ಕೆ ಇಡುತ್ತೇವೆ. ಆ ಬಿಸಿಗೆ ಸೀಸ ಆವಿಯಾಗಿ ಏಳುವುದಿಲ್ಲ. ಏಳುವ ಹೊಗೆ ಒಳಗಿನ ರಾಳದ್ದು. ಆ ಹೊಗೆಯೂ ಒಳ್ಳೆಯದಲ್ಲ, ದಮ್ಮು ಇರುವವರಿಗೆ ಬಹಳ ತ್ರಾಸು. ಕಂಪ್ಯೂಟರಿನ ಹಳೆಯ 12 ವೋಲ್ಟ್ ಫ್ಯಾನನ್ನು ಮುಖದ ಎದುರಿಗೆ, ಹೊಗೆಯನ್ನು ಕಿಟಕಿ ಕಡೆ ಎಳೆಯುವ ಹಾಗೆ ಇಡಿ. ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ತಂತಿ ಹಿಡಿದ ಕೈಯಲ್ಲೇ ಚುರಮುರಿ ತಿನ್ನುವುದು ಬೇಡ, ಟೇಬಲಿನ ಮೇಲೆ ಚಹಾ ಕಪ್ಪೂ ಬೇಡ. ಸಾಬೂನಿನಿಂದ ಕೈ ತೊಳೆದೇ ಒಳಗೆ ಹೋಗಿ. ಅಡುಗೆಮನೆ ಬೇಡ ಅಂದದ್ದು ಇದಕ್ಕೇ. ಕಡ್ಡಿಯ ಕೆಳಗೆ, ಮನೆ ಕಟ್ಟಿದಾಗ ಉಳಿದ ಒಂದು ನೆಲದ ಟೈಲ್ಸ್ ಇಟ್ಟುಬಿಡಿ. ಪ್ಲೈ ಸುಡುವುದಿಲ್ಲ, ಉದುರಿದ ಬೆಸುಗೆ ಗುಂಡುಗಳನ್ನು ಒರೆಸುವುದೂ ಸುಲಭ, ಮಕ್ಕಳಿರುವ ಮನೆಯಲ್ಲಿ ಆ ಗುಂಡುಗಳು ನೆಲಕ್ಕೆ ಬೀಳಲೇಬಾರದು.

ಕಟ್ಟಿಗೆ ಕೊಯ್ಯುವುದು, ಉಜ್ಜುವುದು ಮನೆಯೊಳಗೆ ಬೇಡ. ಟೆರೇಸಿಗೋ ಅಂಗಳಕ್ಕೋ ಹೋಗಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಸಾಮಾನು ಮತ್ತು ಮಳೆಗಾಲ

ದಿನಾ ಬೇಕಾದದ್ದು ಕೂತಲ್ಲಿಂದ ಕೈಗೆ ಸಿಗಬೇಕು. ವಾರಕ್ಕೊಮ್ಮೆ ಬೇಕಾದದ್ದು ಎದ್ದು ನಿಂತರೆ ಸಿಗಬೇಕು. ವರ್ಷಕ್ಕೊಮ್ಮೆ ಬೇಕಾದದ್ದು ಅಟ್ಟಕ್ಕೆ. ನಾನು ದಿನಾ ಬಳಸುವುದು ಲೆಕ್ಕ ಹಾಕಿದರೆ ಹನ್ನೊಂದೇ ಸಾಮಾನು: ಎರಡು ಸ್ಕ್ರೂಡ್ರೈವರ್, ಕಟರ್, ನೋಸ್ ಪ್ಲೈಯರ್, ಚಿಮಟ, ಬೆಸುಗೆ ಕಡ್ಡಿ, ತಂತಿ, ಮೀಟರ್, ಬ್ರಶ್ಶು, ಭೂತಗನ್ನಡಿ, ಪೆನ್ಸಿಲ್. ಇವಿಷ್ಟನ್ನು ಒಂದು ಸಣ್ಣ ಹಲಗೆಗೆ ಮೊಳೆ ಹೊಡೆದು ತೂಗಿಸಿ, ಒಂದೊಂದರ ಆಕಾರವನ್ನೂ ಹಿಂದೆ ಪೆನ್ನಿನಿಂದ ಬರೆದಿದ್ದೇನೆ. ಯಾವುದು ಇಲ್ಲ ಅಂತ ಕಣ್ಣಿಗೆ ತಾನಾಗಿ ಕಾಣುತ್ತದೆ. ಹಲಗೆಯನ್ನು ರ‍್ಯಾಕಿನ ಪಕ್ಕಕ್ಕೇ ನಟ್ ಬೋಲ್ಟ್ ಹಾಕಿ ಬಿಗಿಯಬಹುದು.

ಸಣ್ಣ ಬಿಡಿಭಾಗಗಳಿಗೆ ನಾವೆಲ್ಲ ಪೇಡೆ ಡಬ್ಬಿಯಿಂದಲೇ ಶುರು ಮಾಡುವುದು, ಧಾರವಾಡದಲ್ಲಿ ಅದಕ್ಕೇನು ಕಡಿಮೆ! ಆದರೆ ರಟ್ಟು ತೇವ ಹೀರುತ್ತದೆ. ಆರಿದ್ರಾ ಮಳೆ ಮುಗಿಯುವ ಹೊತ್ತಿಗೆ ಒಳಗಿನ ಸ್ಕ್ರೂಗಳಿಗೆ ತುಕ್ಕು. ಮುಚ್ಚಳ ಬಿಗಿ ಇರುವ, ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಹುಬ್ಬಳ್ಳಿಯ ದುರ್ಗದ ಬೈಲಿನಂಥ ಮಾರುಕಟ್ಟೆಯಲ್ಲಿ ಒಂದೇ ಅಳತೆಯವು ಡಜನ್ ಗಟ್ಟಲೆ ಸಿಗುತ್ತವೆ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪುಡಿಕೆ ಎಸೆಯದೆ ಒಂದೊಂದು ಡಬ್ಬಿಗೆ ಒಂದೊಂದು ಹಾಕಿ. ಮಿರಗ ಕೂಡುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ, ಕಬ್ಬಿಣದ ಸಾಮಾನಿಗೆಲ್ಲ ಹೊಲಿಗೆ ಮಷೀನಿನ ಎಣ್ಣೆ ತೆಳುವಾಗಿ ಒರೆಸಿಬಿಡಿ. ರ‍್ಯಾಕಿಗೆ ಹಳೆಯ ಹತ್ತಿ ಸೀರೆ ಇಳಿಬಿಡಿ, ಧೂಳು ನಿಲ್ಲುತ್ತದೆ, ಗಾಳಿ ಆಡುತ್ತದೆ. ಬ್ಲೇಡು, ಆ್ಯಸಿಡ್ ಫ್ಲಕ್ಸ್, ಪೆಟ್ರೋಲಿನಂಥವು ಕೀಲಿ ಇರುವ ಟ್ರಂಕಿಗೆ. ಕೀಲಿ ನಿಮ್ಮ ಹತ್ತಿರ.

ಮನೆಯವರ ಜೊತೆ

ಇದು ಕೊನೆಯಲ್ಲಿ ಬಂತು, ಆದರೆ ಪೇಪರ್ ಹಾಸುವ ದಿನವೇ ಕೂತು ಮಾತಾಡಿ. ನಮ್ಮಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಅವ್ವನ ನಿದ್ದೆ, ಆಗ ಸುತ್ತಿಗೆ ಇಲ್ಲ. ಸಂಜೆ ಆರರಿಂದ ಎಂಟು ಟೇಬಲ್ ಮಗಳದು. ಆ ಹೊತ್ತಿಗೆ ನನ್ನ ಟ್ರೇ ರ‍್ಯಾಕಿನಲ್ಲಿರುತ್ತದೆ, ಟೈಲ್ಸ್ ಪಕ್ಕಕ್ಕಿರುತ್ತದೆ, ಟೇಬಲನ್ನು ಒದ್ದೆ ಬಟ್ಟೆಯಿಂದ ಒರೆಸಿರುತ್ತೇನೆ. ಎತ್ತಿಡಲು ಗಡಿಯಾರ ನೋಡಿ ಎರಡು ನಿಮಿಷ ಸಾಕು. ಮೊದಲೆಲ್ಲ "ಮತ್ತ ಎಲ್ಲಾ ಬಿಚ್ಚಿ ಹರವಿ ಹೋದೀಯೇನೋ?" ಅನ್ನುತ್ತಿದ್ದ ಅವ್ವ ಈಗ ತನ್ನ ಕನ್ನಡಕದ ಡಬ್ಬಿಯನ್ನೂ ಅದೇ ರ‍್ಯಾಕಿನಲ್ಲಿ ಇಡುತ್ತಾಳೆ.

ಈ ಭಾನುವಾರವೇ ಶುರು ಮಾಡುವುದಾದರೆ ಟೇಬಲಿಗೆ ಕಾಯಬೇಡಿ. ಪೇಪರ್ ಹಾಸಿ, ಎರಡು ಟ್ರೇ ಮಾಡಿ, ಮಂಚದ ಕೆಳಗಿನ ಕ್ಯಾರಿಬ್ಯಾಗ್ ಹೊರಗೆ ತೆಗೆದು ಅದರಲ್ಲಿ ಇರುವುದನ್ನು ಒಂದಕ್ಕೆ ಸುರಿದು, ಏನೇನಿದೆ ನೋಡಿ ಚೀಟಿ ಬರೆಯಿರಿ. ರ‍್ಯಾಕ್ ಬರುವ ತನಕ ಟ್ರೇ ಕಪಾಟಿನ ಮೇಲೆ ಕೂರಬಹುದು.

ನನ್ನ ಎರಡನೇ ಟ್ರೇಯಲ್ಲಿ ಈಗ ಸಂಬಂಧಿಕರೊಬ್ಬರ ಹಳೆಯ ಟೇಬಲ್ ರೇಡಿಯೋ ಇದೆ. ಮುಳ್ಳು ತಿರುಗಿಸುವ ಡಯಲ್ ದಾರ ಹರಿದಿದೆ. ಚೀಟಿಯಲ್ಲಿ ಹೀಗಿದೆ: "ಗುಂಡಿಯ ಕಡ್ಡಿಗೆ ಮೂರು ಸುತ್ತು, ಆಮೇಲೆ ದೊಡ್ಡ ಚಕ್ರಕ್ಕೆ. ಸ್ಪ್ರಿಂಗ್ ಚಕ್ರದ ಒಳಗೆ, ಬಲಗಡೆ. ದಾರ ತರಬೇಕು." ದಾರ ನಿನ್ನೆ ತಂದೆ, ಜಾರದ ದಪ್ಪ ನೈಲಾನ್. ಮಗಳ ಹೋಮ್‌ವರ್ಕ್ ಎಂಟಕ್ಕೆ ಮುಗಿಯುತ್ತದೆ.